ಎಡಗಡೆಯ ಕಲ್ಲು

ಆ ಬೇಸಿಗೆಯಲ್ಲಿ ಫರ್ಗಸ್‌ನ ದೋಣಿ ಮೂರನೆಯ ಸಲ ನನ್ನ ರಿಪೇರಿ ಶೆಡ್ಡಿಗೆ ಬಂದಾಗ ನನಗೆ ನಿಜವಾಗಿಯೂ ಸಿಟ್ಟು ಬಂತು. ರಕಾಯಾ ನದಿಯಲ್ಲಿ, ಪಂಪಿನಿಂದ ನೀರೆಳೆದು ಹಿಂದಕ್ಕೆ ಚಿಮ್ಮಿ ಓಡುವ ಜೆಟ್ ದೋಣಿ ಓಡಿಸುವವರಲ್ಲಿ ಅವನಷ್ಟು ಹಳಬರಿಲ್ಲ. ಸಾಲ್ಮನ್ ಮೀನಿನ ಆಸೆಗೆ ಬರುವ ಪಟ್ಟಣದವರನ್ನು ಮೇಲಿನ ಕಮರಿಯವರೆಗೆ ಕರೆದುಕೊಂಡು ಹೋಗಿ ಬರುವುದೇ ಅವನ ಬದುಕು. ಪಾದ ಮುಳುಗುವಷ್ಟು ನೀರಿದ್ದರೂ ಅವನ ದೋಣಿ ಹಾರಿಕೊಂಡು ಹೋಗುತ್ತಿತ್ತು. ಅಂಥವನ ದೋಣಿಗೆ ನಾನು ತೇಪೆ ಹಾಕುತ್ತಾ ಕೂರುವ ಕಾಲ ಬಂದಿತ್ತು.

ಮೊದಲ ಸಲ, ಎಂಜಿನ್ ಅರಚಿಕೊಂಡರೂ ದೋಣಿ ಮುಂದೆ ಹೋಗುವುದಿಲ್ಲ ಎಂದು ತಂದಿದ್ದ. ನೋಡಿದರೆ ನೀರೆಳೆಯುವ ಬಾಯಿಯ ಜಾಲರಿ ತುಂಬ ನೊರಜುಗಲ್ಲು. ಪಂಪಿನೊಳಗಿನ ಚಕ್ರದ ಅಂಚು ಇಲಿ ಕಡಿದ ರೊಟ್ಟಿಯಂತಾಗಿತ್ತು. ಎರಡನೆಯ ಸಲ ಎಂಜಿನ್ ಕಾಯುತ್ತದೆ ಎಂದ. ಅದನ್ನು ತಂಪು ಮಾಡುವ ನೀರಿನ ದಾರಿಯಲ್ಲಿ ಮರಳು ಗಟ್ಟಿಯಾಗಿ ಕೂತಿತ್ತು, ತಳದ ತಗಡಿನಲ್ಲಿ ಒಂದು ಬಿರುಕೂ ಇತ್ತು. ಎರಡನ್ನೂ ಸರಿ ಮಾಡಿ ಕಳಿಸಿದೆ. ಈಗ ಅದೇ ಬಿರುಕಿನ ಪಕ್ಕದಲ್ಲಿ ತಗಡು ಸೀಳಿ ದೋಣಿಯೊಳಗೆ ನೀರು ನಿಂತಿತ್ತು.

"ನಿನ್ನ ವೆಲ್ಡಿಂಗೇ ಸರಿ ಇಲ್ಲ ಕಣೋ ಡೆಸ್. ಒಳ್ಳೇ ಕನ್ನಡಕ ಮಾಡಿಸ್ಕೋ," ಎಂದ.

"ಕನ್ನಡಕ ಚೆನ್ನಾಗೇ ಇದೆ. ನೀನೇನು ಜನಾನ ಬಿಟ್ಟು ಜಲ್ಲಿ ಸಾಗಿಸೋ ಗುತ್ತಿಗೆ ಹಿಡಿದ್ಯಾ?"

ಅವನು ನಗಲಿಲ್ಲ. ಹೋದ ಚಳಿಗಾಲದಲ್ಲಿ ಹೆಂಡತಿ ಮೊಯ್ರಾಳನ್ನು ಮಣ್ಣು ಮಾಡಿ ಬಂದಮೇಲೆ ನನ್ನ ಯಾವ ತಮಾಷೆಗೂ ಅವನು ನಕ್ಕಿದ್ದಿಲ್ಲ.

"ಶನಿವಾರ ಜನ ಬರ್ತಾರೆ, ಅಷ್ಟರೊಳಗೆ ಕೊಡು. ದೋಣಿ ನಿಂತ್ರೆ ನಾನೂ ನಿಂತ ಹಾಗೇ," ಎಂದು ಹೇಳಿ ಹೊರಟುಹೋದ.

ದೋಣಿಯನ್ನು ಎತ್ತಿ ನಿಲ್ಲಿಸಿ ಕೆಳಗೆ ಮಲಗಿ ನೋಡಿದೆ. ನನ್ನ ಬೆಸುಗೆ ಹಾಗೇ ಇತ್ತು. ಆದರೆ ತಗ್ಗು, ಗೀರು, ಸೀಳು ಎಲ್ಲವೂ ಎಡಗಡೆ. ಬಲಗಡೆಯ ಬಣ್ಣ ಕೂಡ ಕೆಟ್ಟಿರಲಿಲ್ಲ. ಇನ್ನೊಂದು ವಿಷಯವೂ ಹೊಳೆಯಿತು. ಜೋರಾಗಿ ಓಡುವಾಗ ಈ ದೋಣಿ ನೀರಿನ ಮೇಲೆ ಎದ್ದು ನಿಂತಿರುತ್ತದೆ. ವೇಗ ತಗ್ಗಿಸಿದರೆ ಹೊಟ್ಟೆ ಕೆಳಗಿಳಿದು ಕಲ್ಲು ಬಡಿಯುತ್ತದೆ, ಪಂಪು ಮರಳನ್ನೂ ಸೇರಿಸಿ ಎಳೆದುಕೊಳ್ಳುತ್ತದೆ. ನೀರು ಕಡಿಮೆ ಇದ್ದಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಡ ಎಂದು ನನಗೆ ಕಲಿಸಿದವನೇ ಫರ್ಗಸ್. ಅವನು ಈಗ ಕಾಲು ತೆಗೆಯುತ್ತಿದ್ದ. ಮೂರು ರಿಪೇರಿಗೂ ಕಾರಣ ಒಂದೇ, ಅದು ದೋಣಿಯಲ್ಲಿರಲಿಲ್ಲ. ಅವನು ಹೆದರಿದ್ದ.

ಶುಕ್ರವಾರ ದೋಣಿ ನೀರಿಗಿಳಿಸಿ, ಒಂದು ಸುತ್ತು ಹೋಗಿ ನೋಡೋಣ ಎಂದೆ. ಅವನ ಎಡಕ್ಕೆ, ಮೊಯ್ರಾ ಕೂರುತ್ತಿದ್ದ ಸೀಟಿನಲ್ಲಿ ಕೂತೆ. ದಾರಿಯುದ್ದಕ್ಕೂ ಅವಳ ಬಾಯಿಗೆ ಬಿಡುವಿರುತ್ತಿರಲಿಲ್ಲ. ಬಂದವರಿಗೆ ಚಹಾ ಬಗ್ಗಿಸುತ್ತಾ, "ಎಡಗಡೆ ಕಲ್ಲು ಫರ್ಗಸ್, ಆ ಕೊನೇ ಪೈ ಯಾರು ತಿಂದ್ರಿ, ಇನ್ನಷ್ಟು ಬಲಕ್ಕೆ," ಎಂದು ಒಂದೇ ಉಸಿರಿಗೆ ಹೇಳುವಳು. ಅಮ್ಮಾವ್ರ ಅಪ್ಪಣೆಯಿಲ್ಲದೆ ಇವನ ದೋಣಿ ತಿರುಗುವುದಿಲ್ಲ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು.

ನದಿ ಕವಲೊಡೆಯುವಲ್ಲಿ ಫರ್ಗಸ್ ಕಾಲು ತೆಗೆದ. ದೋಣಿ ಇಳಿಯಿತು, ಕೆಳಗೆ ಕಲ್ಲುಗಳು ಗರಗರ ಎಂದವು.

"ಎಡಗಡೆ ಹೇಗಿದೆ ನೋಡು," ಎಂದ, ಹವಾಮಾನ ಕೇಳುವವನಂತೆ.

ಇಷ್ಟು ಕಾಲದಲ್ಲಿ ಅವನು ನನ್ನನ್ನು ದಾರಿ ಕೇಳಿದ್ದು ಅದೇ ಮೊದಲು. ದೋಣಿಯನ್ನು ದಂಡೆಗೆ ಹಚ್ಚು ಎಂದೆ. ಹಚ್ಚಿ ಎಂಜಿನ್ ಆರಿಸಿದ.

"ಎಡಗಣ್ಣು ಯಾವಾಗ ಹೋಯ್ತು?"

"ವರ್ಷಗಳೇ ಆದ್ವು. ಅವಳಿದ್ಳಲ್ಲ, ಅದು ಲೆಕ್ಕಕ್ಕೇ ಬರಲಿಲ್ಲ."

"ಜನಾನ ಕೂರಿಸ್ಕೊಂಡು ಹೋಗ್ತೀಯಲ್ಲೋ ಮಾರಾಯ."

"ಅದಕ್ಕೇ ನಿಧಾನ ಮಾಡ್ತೀನಿ."

"ನಿಧಾನ ಮಾಡೋದ್ರಿಂದ್ಲೇ ಬಡೀತಿದೆ. ನಿಂಗೆ ಗೊತ್ತು."

"ಮನೇಲಿ ಅವಳು ಎಲ್ಲೂ ಇಲ್ಲ ಡೆಸ್. ಅವಳ ಚಹಾ ಕಪ್ಪು, ಕೋಟು, ಎಲ್ಲಾ ಇವೆ, ಅವಳಿಲ್ಲ. ಇಲ್ಲಿಗೆ ಬಂದ್ರೆ ಮಾತ್ರ ಕೇಳಿಸ್ತಾಳೆ," ಎಂದ.

"ನಾಳೆ ಬರೋರಿಗೆ ಬರಬೇಡಿ ಅಂತ ಹೇಳು," ಎಂದೆ. ಅವನು ಎದ್ದು ತನ್ನ ಸೀಟು ನನಗೆ ಬಿಟ್ಟುಕೊಟ್ಟ.

ವಾಪಸು ಬರುವಾಗ ದೋಣಿ ಓಡಿಸಿದವನು ನಾನು. ಅವನು ಮೊಯ್ರಾಳ ಸೀಟಿನಲ್ಲಿ ಕೂತು, ಇದ್ದ ಒಂದು ಕಣ್ಣಿಗೆ ಕಾಣಲೆಂದು ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿಕೊಂಡಿದ್ದ. ದೊಡ್ಡ ತಿರುವಿನಲ್ಲಿ, "ಎಡಗಡೆ ಕಲ್ಲು," ಎಂದ. ಪ್ರತಿ ಸಲವೂ ಅದೇ ತಿರುವಿನಲ್ಲಿ ಮೊಯ್ರಾ ಹೇಳುತ್ತಿದ್ದ ಕಲ್ಲು ಅದು. ಆ ವಸಂತದ ಪ್ರವಾಹ ಅದನ್ನು ಹೊತ್ತುಕೊಂಡು ಹೋಗಿತ್ತು, ಅಲ್ಲಿ ಬರೀ ನೀರಿತ್ತು.

ನಾನು ದೋಣಿಯನ್ನು ಬಲಕ್ಕೆ ತಿರುಗಿಸಿದೆ.