ಧ್ವನಿ ಸಾಲದು

ನಮ್ಮ ವಿಭಾಗಕ್ಕೆ ಇನ್ನೊಬ್ಬರು ಅಧ್ಯಾಪಕರು ಬೇಕು ಅಂತ ನಾನು ಬಾಯಿ ಬಡಕೊಂಡಿದ್ದು ಒಂದೆರಡು ದಿನವಲ್ಲ, ಪೂರಾ ಎರಡು ವರ್ಷ. ತಿಪಟೂರಿನ ಹೊರಗೆ, ತೆಂಗಿನ ತೋಟಗಳ ನಡುವೆ ಇರುವ ಚಿಕ್ಕ ವಿಶ್ವವಿದ್ಯಾಲಯ ನಮ್ಮದು. ಅದರಲ್ಲಿ ಶ್ರವಣ ವಿಜ್ಞಾನ ಅನ್ನುವ ಇನ್ನೂ ಚಿಕ್ಕ ವಿಭಾಗ. ಕಿವಿ ಹೇಗೆ ಕೇಳುತ್ತದೆ, ಯಾಕೆ ಕೇಳದೆ ಹೋಗುತ್ತದೆ, ಆಗ ಏನು ಮಾಡಬೇಕು ಅನ್ನುವುದನ್ನು ಕಲಿಸುವ ಜಾಗ. ಕಲಿಸುವವಳು ನಾನೊಬ್ಬಳೇ. ಬೆಳಿಗ್ಗೆ ಪಾಠ, ಮಧ್ಯಾಹ್ನ ಕಿವಿ ಪರೀಕ್ಷೆಗೆ ಬಂದವರು, ಸಂಜೆ ಕಚೇರಿಯ ಕಾಗದ. ನಿಯಮದ ಪ್ರಕಾರ ಇಬ್ಬರು ಕಾಯಂ ಅಧ್ಯಾಪಕರಿಲ್ಲದಿದ್ದರೆ ಹೊಸ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಹಾಗಿಲ್ಲ. ಎರಡು ಸಲ ಹೇಗೋ ಅವರಿವರ ಕೈಕಾಲು ಹಿಡಿದು ವಿನಾಯಿತಿ ತಂದಿದ್ದೆವು. ಈ ಸಲ ಮೇಲಿನವರು ಖಡಾಖಂಡಿತವಾಗಿ ಬರೆದರು: ಜುಲೈ ಒಳಗೆ ಇನ್ನೊಬ್ಬರು ಬರಬೇಕು, ಇಲ್ಲವಾದರೆ ಮೊದಲ ವರ್ಷದ ತರಗತಿ ಇಲ್ಲ.

ಮೂರು ಸಲ ಜಾಹೀರಾತು ಕೊಟ್ಟೆವು. ಮೊದಲ ಸಲ ಒಂದು ಅರ್ಜಿಯೂ ಬರಲಿಲ್ಲ. ಎರಡನೆಯ ಸಲ ಒಬ್ಬ ಫೋನು ಮಾಡಿ, ಬೆಂಗಳೂರಿಂದ ದಿನಾ ಓಡಾಡಬಹುದಾ ಅಂತ ಕೇಳಿದ. ರೈಲಿದೆ ಅಂದೆ. ಸೀಟು ಸಿಗುತ್ತಾ ಅಂದ. ಅದನ್ನು ನಾನು ಹೇಗೆ ಹೇಳಲಿ? ಇನ್ನೊಬ್ಬಾಕೆ ಖುದ್ದು ಬಂದಳು, ಕ್ಯಾಂಪಸ್ ಸುತ್ತಿದಳು, ಎರಡು ಎಳನೀರು ಕುಡಿದಳು, ಗಾಳಿ ಎಷ್ಟು ಚೆನ್ನಾಗಿದೆ ಅಂತ ಹೊಗಳಿದಳು, ಕೊನೆಗೆ "ಊರಿಗೆ ಹೋಗಿ ತಿಳಿಸ್ತೀನಿ" ಅಂದಳು. ಹೆಣ್ಣು ನೋಡಲು ಬಂದವರು ಹೇಳಿಹೋಗುವ ಮಾತು ಅದು. ಅದರ ಅರ್ಥ ನನಗೂ ಗೊತ್ತು, ಹಾಗಾಗಿ ಮೂರನೆಯ ಜಾಹೀರಾತಿಗೆ ಅವತ್ತೇ ಕೂತು ಬರೆದೆ.

ಮೂರನೆಯದಕ್ಕೆ ಬಂದ ಒಂದೇ ಅರ್ಜಿ ಕೋಲಾರದ ಕಡೆಯ ಹುಡುಗಿಯದು. ಓದಿ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಓದಿನಲ್ಲಿ ಮುಂದು, ಸಂಶೋಧನೆ ಮುಗಿಸಿದ್ದಾಳೆ, ಅದಕ್ಕಿಂತ ಹೆಚ್ಚಾಗಿ ನಮ್ಮ ಊರಿಗೇ ಬರಬೇಕು ಅಂತ ಬರೆದಿದ್ದಾಳೆ. ಇಲ್ಲಿನ ನಾರಿನ ಮಿಲ್ಲುಗಳಲ್ಲಿ ಕಾಯಿ ಮಟ್ಟೆ ಬಡಿಯುವ ಯಂತ್ರದ ಪಕ್ಕ ದಿನವಿಡೀ ನಿಲ್ಲುವ ಹೆಂಗಸರ ಕಿವಿ ಏನಾಗಿದೆ ಅಂತ ನೋಡುವ ಆಸೆ ಅವಳದು. ಸಂದರ್ಶನದ ಹಿಂದಿನ ದಿನವೇ ಬಂದು, ತುರುವೇಕೆರೆ ಬಸ್ಸು ಹತ್ತಿ, ಮಾಯಸಂದ್ರದ ಕಡೆ ಒಂದು ಮಿಲ್ಲಿನ ಮುಂದೆ ನಿಂತು ಸದ್ದು ಅಳೆದುಕೊಂಡು ಬಂದಿದ್ದಳು. ಮಾಯಸಂದ್ರ ನನ್ನ ತವರು. ಆ ಮಿಲ್ಲಿನ ಮುಂದೆ ನಾನು ಸಾವಿರ ಸಲ ಓಡಾಡಿದ್ದೇನೆ, ಒಂದು ಸಲವೂ ನಿಂತು ಅಳೆದಿಲ್ಲ. ಇವಳನ್ನು ಬಿಟ್ಟರೆ ನಮಗೆ ಇನ್ಯಾರೂ ಗತಿಯಿಲ್ಲ ಅಂತ ಅವತ್ತೇ ತೀರ್ಮಾನಿಸಿದೆ.

ಇನ್ನು ನಮ್ಮ ಅಧ್ಯಕ್ಷರ ವಿಷಯ. ವಿಶ್ವವಿದ್ಯಾಲಯ ನಡೆಸುವ ಟ್ರಸ್ಟಿಗೆ ಅಧ್ಯಕ್ಷರು, ಆಯ್ಕೆ ಸಮಿತಿಗೂ ಅವರೇ ಹಿರಿಯರು. ದೊಡ್ಡ ತೋಟ, ಮೂವತ್ತು ವರ್ಷದಿಂದ ಸ್ವಂತ ನಾರಿನ ಮಿಲ್ಲು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ವಿಭಾಗದ ಪರೀಕ್ಷಾ ಕೋಣೆ, ಹೊರಗಿನ ಸದ್ದು ಒಳಗೆ ಬಾರದ ಹಾಗೆ ಕಟ್ಟಿದ್ದು, ಅವರೇ ಮುಂದೆ ನಿಂತು ಮಾಡಿಸಿಕೊಟ್ಟಿದ್ದು. ಆದರೆ ಆ ಯಂತ್ರಗಳ ನಡುವೆ ಅವರ ಕಿವಿ ಎಂದೋ ಹೋಗಿದೆ. ಗಂಡಸರ ದಪ್ಪ ದನಿ ಅಷ್ಟಿಷ್ಟು ಕೇಳುತ್ತದೆ. ಹೆಂಗಸರದು, ಮಕ್ಕಳದು, ಮೆತ್ತಗಿನದು ಯಾವುದೂ ಇಲ್ಲ. ಇದು ಅವರಿಗೆ ಗೊತ್ತಿಲ್ಲ. ಯಾಕೆಂದರೆ ಅವರ ಸುತ್ತ ಇರುವ ಎಲ್ಲರೂ ಕಿರುಚುತ್ತಾರೆ. ಮನೆಯವರು, ಆಳುಗಳು, ಕುಲಸಚಿವರು, ನಾನು. ಹನ್ನೊಂದು ವರ್ಷದಿಂದ ನಾನು ಅವರ ಕೋಣೆಗೆ ಹೋಗುವ ಮುಂಚೆ ಗಂಟಲು ಸರಿಮಾಡಿಕೊಂಡು ಹೋಗುತ್ತೇನೆ. ಬಂದವರಿಗೆಲ್ಲ "ಕಿವಿ ಪರೀಕ್ಷೆ ಮಾಡಿಸ್ಕೊಳ್ಳಿ, ನಾಚಿಕೆ ಪಡಬೇಡಿ" ಅಂತ ಹೇಳುವವಳು ನಾನು. ಅವರಿಗೆ ಮಾತ್ರ ಹೇಳಲು ಬಾಯಿ ಬರಲಿಲ್ಲ. ಇವತ್ತು ಬೇಡ, ಮೀಟಿಂಗ್ ಇದೆ, ನಾಳೆ ನೋಡೋಣ, ಹೀಗೇ.

ಸಂದರ್ಶನದ ದಿನ ಉದ್ದನೆಯ ಮೇಜಿನ ಈ ತುದಿಗೆ ಅಧ್ಯಕ್ಷರು, ಆ ತುದಿಗೆ ಹುಡುಗಿ. ನಡುವೆ ಕುಲಸಚಿವರು, ಮೈಸೂರಿನಿಂದ ಬಂದಿದ್ದ ಹಿರಿಯ ಪ್ರಾಧ್ಯಾಪಕರು, ನಾನು. ಮೇಲೆ ಗರಗರ ಅನ್ನುವ ಫ್ಯಾನು. ಹುಡುಗಿಯದು ಮೆತ್ತಗಿನ ದನಿ, ಆದರೆ ಒಂದೊಂದು ಮಾತೂ ಬಿಡಿಸಿಟ್ಟ ಹಾಗೆ ಸ್ಪಷ್ಟ. ಅಧ್ಯಕ್ಷರು ಮುಂದಕ್ಕೆ ಬಾಗಿ "ಆಂ?" ಅಂದರು. ಅವಳು ಇನ್ನೊಂದು ಸಲ ಹೇಳಿದಳು. ಮತ್ತೆ "ಆಂ?" ತನ್ನ ಉತ್ತರವೇ ತಪ್ಪಿರಬೇಕು ಅಂದುಕೊಂಡು ಅವಳ ದನಿ ಇನ್ನಷ್ಟು ಇಳಿಯಿತು. ನಾನು ಮೇಜಿನ ಕೆಳಗೆ ಕೈ ಹಿಸುಕಿಕೊಂಡು ಕೂತಿದ್ದೆ. ಜೋರಾಗಿ ಮಾತಾಡು ತಾಯಿ, ಕಿರುಚು, ಅವರು ಕೋಪ ಮಾಡಿಕೊಂಡಿಲ್ಲ, ಅವರಿಗೆ ಕೇಳಿಸುತ್ತಿಲ್ಲ ಅಂತ ಮನಸ್ಸಿನಲ್ಲೇ ಹೇಳಿಕೊಂಡೆ. ಮನಸ್ಸಿನಲ್ಲಿ ಹೇಳಿದ್ದು ಯಾರಿಗೆ ಕೇಳಬೇಕು?

ಅವಳು ಹೊರಗೆ ಹೋದ ಮೇಲೆ ಅಧ್ಯಕ್ಷರು ಕುರ್ಚಿಗೆ ಒರಗಿದರು. "ಓದ್ಕಂಡವ್ಳೆ, ಒಳ್ಳೆ ಹೆಣ್ಮಗಳು. ಆದ್ರೆ ಬಾಯಲ್ಲಿ ಮಾತೇ ಇಲ್ವಲ್ಲ ಕಣಮ್ಮ. ಅಷ್ಟು ಹುಡುಗ್ರ ಮುಂದೆ ನಿಂತು ಏನು ಪಾಠ ಮಾಡ್ತಾಳೆ?"

ಮೈಸೂರಿನ ಪ್ರಾಧ್ಯಾಪಕರು "ನನಗೆ ಚೆನ್ನಾಗೇ ಕೇಳಿಸಿತಲ್ಲ" ಅಂದರು. ಅವರದೂ ಸೌಮ್ಯ ಮಾತು. ಅದೂ ಅಧ್ಯಕ್ಷರಿಗೆ ಕೇಳಲಿಲ್ಲ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಪ್ರಾಧ್ಯಾಪಕರು ನನ್ನ ಮುಖ ನೋಡಿದರು. ನಾನು ಒಂದು ಮಾತು ತೆಗೆದಿದ್ದರೆ ಅವರೂ ತೆಗೆಯುತ್ತಿದ್ದರು.

"ಇನ್ನೊಂದ್ಸಲ ಕರ್ದು ನೋಡೋಣ ಸಾರ್" ಅಂತ ಕಿರುಚಿದೆ.

"ನೋಡೋದೇನೈತೆ, ಬುಡು. ಇನ್ನೊಬ್ರು ಸಿಗ್ತಾರೆ" ಅಂದು ಅವರು ಪೆನ್ನು ತೆಗೆದು ಷರಾ ಬರೆಯುವ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದರು: ಧ್ವನಿ ಸಾಲದು, ಬೋಧನೆಗೆ ತಕ್ಕವರಲ್ಲ. ಹಾಳೆ ಸಹಿಗಾಗಿ ಮೇಜಿನ ಸುತ್ತ ಒಂದು ಸುತ್ತು ಬಂತು. ಮೈಸೂರಿನವರಿಗೆ ರೈಲಿಗೆ ಹೊತ್ತಾಗಿತ್ತು. ಅಲ್ಲಿಗೆ ನಮ್ಮ ಮೊದಲ ವರ್ಷದ ತರಗತಿಯೂ ಹೋಯ್ತು.

ಇಷ್ಟಾದ ಮೇಲೆ ಊಟ. ನಮ್ಮ ಸೀಮೆಯಲ್ಲಿ ಬಂದವರನ್ನು ಹಸಿದು ಕಳಿಸುವುದುಂಟೇ? ಕೆಲಸ ಕೊಡದಿದ್ದರೂ ಚಿಂತೆಯಿಲ್ಲ, ಊಟ ಹಾಕಬೇಕು. ಹುಡುಗಿಗೆ ಇನ್ನೂ ಏನೂ ಹೇಳಿರಲಿಲ್ಲ. ಅಧ್ಯಕ್ಷರು ಅವಳನ್ನೂ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ತೋಟದ ಮನೆಗೆ ಕರೆದುಕೊಂಡು ಹೋದರು. ಅವರ ಹೆಂಡತಿ ಒಬ್ಬಟ್ಟಿನ ಮೇಲೆ ಒಬ್ಬಟ್ಟು ಬಡಿಸಿದರು. ಹುಡುಗಿ ಸಂಕೋಚದಿಂದ ತಿಂದಳು. ನಾನು ಒಂದೇ ಒಬ್ಬಟ್ಟನ್ನು ಮುರಿಯುತ್ತಾ ಕೂತಿದ್ದೆ.

ಅಂಗಳದಲ್ಲಿ ಅಟ್ಟದಿಂದ ಇಳಿಸಿದ ಕಾಯಿಯ ರಾಶಿ ಬಿದ್ದಿತ್ತು. ವರ್ಷದ ಹತ್ತಿರ ಅಟ್ಟದಲ್ಲಿ ಒಣಗಿದ ಕಾಯಿ. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿದೆಯೋ ಇಲ್ಲವೋ ಅಂತ ಕಿವಿ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ಲೊಡಲೊಡ ಅಂದರೆ ಆಗಿದೆ ಅಂತ. ಅದರಲ್ಲಿ ಅಧ್ಯಕ್ಷರದು ಎತ್ತಿದ ಕೈ ಅಂತ ಊರಿಗೇ ಹೆಸರು. ಅವರು ಒಂದು ಕಾಯಿ ಎತ್ತಿ ಅಲ್ಲಾಡಿಸಿ, "ನೋಡಮ್ಮ, ಇದು ಆಗೈತೆ" ಅಂದರು. ಇನ್ನೊಂದು ಎತ್ತಿ, "ಇದಿನ್ನೂ ಹಸಿ" ಅಂದರು. ಎರಡೂ ಸರಿಯೇ.

ಹುಡುಗಿ ನೋಡುತ್ತಾ ನಿಂತಿದ್ದಳು. ಆಮೇಲೆ ಆಗಿದೆ ಅಂದ ಕಾಯಿಯನ್ನು ತಾನೇ ಎತ್ತಿಕೊಂಡು ಅವರ ಬೆನ್ನ ಹಿಂದೆ ಹೋಗಿ, ಅವರ ಕಿವಿಯ ಪಕ್ಕ ಅಲ್ಲಾಡಿಸಿದಳು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿಗೆ ಕೇಳಿಸಿತು, ನನಗೂ ಕೇಳಿಸಿತು. ಅಧ್ಯಕ್ಷರು "ಎಲ್ಲೋದ್ಲು ಈ ಹುಡುಗಿ?" ಅಂತ ತೋಟದ ಕಡೆ ನೋಡುತ್ತಿದ್ದರು. ಅವರು ಇಷ್ಟು ದಿನ ಕಾಯಿಯನ್ನು ಕೈಯಲ್ಲಿ ಕೇಳುತ್ತಿದ್ದರು, ಒಳಗಿನ ಉಂಡೆ ಬಡಿಯುವುದು ಬೆರಳಿಗೆ ತಿಳಿಯುತ್ತಿತ್ತು, ಕಿವಿಗಲ್ಲ. ತಿರುಗಿದಾಗ ಹುಡುಗಿ ಇನ್ನೂ ಕಾಯಿ ಅಲ್ಲಾಡಿಸುತ್ತಲೇ ಇದ್ದಳು. ಅವರು ಕಾಯಿ ನೋಡಿದರು, ಹೆಂಡತಿಯ ಮುಖ ನೋಡಿದರು. ಆಮೇಲೆ "ಊರಿಗೆ ಹೋಗಿರಮ್ಮ, ತಿಳಿಸ್ತೀವಿ" ಅಂದು ಒಳಗೆ ಹೋದರು.

ಬಸ್ ನಿಲ್ದಾಣದಲ್ಲಿ ಹುಡುಗಿ ಕೇಳಿದಳು, "ಮೇಡಂ, ನಿಮಗೆ ಮೊದಲೇ ಗೊತ್ತಿತ್ತಾ?" ನಾನು ಬಸ್ಸಿನ ಬೋರ್ಡು ಓದುವವಳ ಹಾಗೆ ಆ ಕಡೆ ನೋಡಿದೆ. ಅವಳು ಬಸ್ಸು ಹತ್ತಿದಳು.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅಧ್ಯಕ್ಷರು ಹೆಂಡತಿಯ ಜೊತೆ ನಮ್ಮ ವಿಭಾಗದ ಬಾಗಿಲಿಗೆ ಬಂದರು. "ಅವತ್ತಿಂದ ಕಾಯಿ ಮುಟ್ಟೋದೇ ಬುಟ್ಟವ್ರೆ ಕಣ್ರೀ. ಏನೈತೋ ನೋಡ್ಬುಡಿ" ಅಂದರು ಆಕೆ. ತಾವೇ ಕಟ್ಟಿಸಿದ ಕೋಣೆಯೊಳಗೆ ಅಧ್ಯಕ್ಷರು ಮೊದಲ ಸಲ ರೋಗಿಯಾಗಿ ಕೂತರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ನಾನು ಸದ್ದು ಕಳಿಸುತ್ತಾ ಹೋದೆ. ಗಾಜಿನ ಆಚೆ ಅವರು ಗುಂಡಿಯ ಮೇಲೆ ಹೆಬ್ಬೆಟ್ಟು ಇಟ್ಟುಕೊಂಡು ಸುಮ್ಮನೆ ಕಾಯುತ್ತಿದ್ದರು.

ಹೊರಗೆ ಬಂದ ಮೇಲೆ ನನ್ನ ಮೇಜಿನ ಮುಂದೆ ಕೂತು, ಪರೀಕ್ಷೆಯ ಹಾಳೆಯಲ್ಲಿ ಕೆಳಗಿಳಿದ ಗೆರೆಯನ್ನು ಬೆರಳಲ್ಲಿ ಸವರಿದರು. "ಅಂಗಾದ್ರೆ ಆ ಹುಡುಗಿ ಧ್ವನಿ ಚೆನ್ನಾಗೇ ಇತ್ತು ಅನ್ನು."

"ಇತ್ತು ಸಾರ್."

"ಕರ್ಸು ಅವಳ್ನ. ಈಗ್ಲೇ ಫೋನು ಮಾಡು."

ಮಾಡಿದೆ. ಅವಳು ಬೇರೆ ಕಡೆ ಸೇರಿ ಒಂದು ವಾರವಾಗಿತ್ತು. ಬೇಜಾರಿಲ್ಲ ಮೇಡಂ ಅಂದಳು, ಅದೇ ಮೆತ್ತಗಿನ ದನಿಯಲ್ಲಿ. ಅಧ್ಯಕ್ಷರು ನನ್ನ ತುಟಿಯನ್ನೇ ನೋಡುತ್ತಿದ್ದರು. ಬರಲ್ಲ ಅಂತ ತಲೆಯಾಡಿಸಿದೆ.

"ನಾನು ಬರ್ದ ಆ ಕಾಗದ ತತ್ತಾ" ಅಂದರು. "ಹೊಡ್ದಾಕ್ತೀನಿ. ಆ ಮಗೀಗೆ ಅಂಥ ಮಾತು ಇರ್ಬಾರ್ದು."

ಕಪಾಟಿನಿಂದ ಫೈಲು ತಂದುಕೊಟ್ಟೆ. ಕನ್ನಡಕ ಹಾಕಿಕೊಂಡು ತಮ್ಮ ಸಾಲು ಓದಿದರು. ಅದರ ಮೇಲೆ ಅಡ್ಡ ಗೆರೆ ಎಳೆದರು, ಅದರಿಂದ ಏನೂ ಆಗುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಬೆರಳು ಕೆಳಗೆ ಇಳಿಯಿತು. ಅವರ ಸಹಿ, ಕುಲಸಚಿವರ ಸಹಿ, ಮೈಸೂರಿನವರ ಸಹಿ. ನಾಲ್ಕನೆಯದರ ಮೇಲೆ ಬೆರಳು ನಿಂತಿತು.

"ನನ್ನ ಕಿವಿ ಹಿಂಗಿರೋದು ಗೊತ್ತಿದ್ದೋರು ಇದ್ರಲ್ಲಿ ಯಾರೂ ಇರ್ಲಿಲ್ವಾ? ಇದ್ಯಾರ್ದು ಸಹಿ?"

"ನಂದು ಸಾರ್" ಅಂತ ಮೆಲ್ಲಗೆ ಅಂದೆ.

"ಆಂ?" ಅಂದರು.

ನನ್ನ ಕೋಣೆಯ ಬಾಗಿಲು ತೆರೆದಿತ್ತು. ಹೊರಗೆ ಬೆಂಚಿನ ಮೇಲೆ ಪರೀಕ್ಷೆಗೆ ಕಾಯುತ್ತಿದ್ದವರು, ನನ್ನ ವಿದ್ಯಾರ್ಥಿಗಳು, ಎಲ್ಲ ಇದ್ದರು. ನಾನು ಎಂದಿನಂತೆ ಗಂಟಲು ಸರಿಮಾಡಿಕೊಂಡೆ. ಆಮೇಲೆ ಅವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕಿರುಚಿದೆ, "ನಂದು ಸಾರ್."