ತೂಗಿದ ಮೇಲೆ ಮುರಿದ ಮುದ್ದೆ

ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಬಾಯ್ಲರಿಗೆ ಸೌದೆ ಹಾಕುವ ಕೆಲಸ ಸಿಕ್ಕಿದಾಗ ನನ್ನ ತಮ್ಮ ತವರೂರು ಹೆಮ್ಮಿಗೆಯಿಂದ ಬಂದು ನಮ್ಮ ಮನೆಯಲ್ಲೇ ಉಳಿದ. ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ನಾನು. ಐದನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದೂ ಅದಕ್ಕೇ.

ಅವನು ಬಂದ ಎರಡನೇ ತಿಂಗಳಲ್ಲಿ ನನ್ನ ಗಂಡ, "ನಿನ್ ತಮ್ಮ ಉಣ್ಣೋದ್ ನೋಡುದ್ರೆ ಇನ್ನೊಂದ್ ಒಲೆ ಊಡ್ಬೇಕು ಕಣೆ" ಎಂದು ನಕ್ಕರು. ತಮಾಷೆಗೇ ಅಂದಿರಬಹುದು. ನನಗೆ ಮುಖ ಸುಟ್ಟಂತಾಯಿತು. ಮರುದಿನದಿಂದ ತಮ್ಮನ ಮುದ್ದೆ ಸಣ್ಣದಾಯಿತು. ಮನೆಯಲ್ಲಿ ರಾಗಿಗೇನೂ ಕೊರತೆ ಇರಲಿಲ್ಲ.

ಕಳೆದ ವರ್ಷ ಮೈಸೂರಿನಿಂದ ಕಾಲೇಜು ಹುಡುಗಿಯೊಬ್ಬಳು ಕಾರ್ಖಾನೆಗೆ ಬಂದಳು. ಕೆಲಸಗಾರರ ಮೈ ಎಷ್ಟು ದಣಿಯುತ್ತದೆ, ಅದಕ್ಕೆ ತಕ್ಕ ಊಟ ಸಿಗುತ್ತಿದೆಯೇ ಎಂದು ಅಳೆಯುವುದು ಅವಳ ಓದು. ವಾರವಾರ ತಮ್ಮನ ತೂಕ ನೋಡಿದಳು, ಎದೆಗೆ ಪಟ್ಟಿ ಕಟ್ಟಿ ಬಡಿತ ಎಣಿಸಿದಳು. ಉಸಿರು ಅಳೆಯಲು ಮೂಗುಬಾಯಿ ಮುಚ್ಚುವ ಮಾಸ್ಕ್ ಹಾಕಿಸಿ ಸೌದೆ ಎತ್ತಿಸಿದಳು. "ಒಕ್ಕಣೆ ಎತ್ತಿನ್ ಬಾಯ್ಗೆ ಕುಕ್ಕೆ ಕಟ್ದಂಗಿತ್ತು ಕಣಕ್ಕ" ಎಂದು ಅವನು ನಮ್ಮನ್ನೆಲ್ಲ ನಗಿಸಿದ.

ಆಮೇಲೆ ಅವಳು ಮನೆಗೂ ಬಂದು ನನಗೊಂದು ತೂಕದ ಯಂತ್ರ, ಒಂದು ನೋಟ್‌ಬುಕ್ ಕೊಟ್ಟಳು. ಮೂರು ದಿನ ತಮ್ಮನಿಗೆ ಬಡಿಸುವುದನ್ನೆಲ್ಲ ತೂಗಿ ಬರೆಯಬೇಕು. "ದಿನಾ ಹೇಗೆ ಹಾಕ್ತೀರೋ ಹಾಗೇ ಹಾಕಿ ಅಕ್ಕ" ಎಂದಳು.

ಕಡಿಮೆ ಬರೆದರೆ ಓದಿದವಳ ಮುಂದೆ ಮಾನ ಹೋಗುತ್ತದೆ. ಜಾಸ್ತಿ ಬಡಿಸಿದರೆ ಪಕ್ಕದಲ್ಲಿ ಕೂತ ಗಂಡ ನಗುತ್ತಾರೆ. ದೊಡ್ಡ ಮುದ್ದೆ ಕಟ್ಟಿ ತೂಗಿದೆ, ಬರೆದೆ. ಆಮೇಲೆ ತಮ್ಮನ ಕಣ್ಣೆದುರೇ ಅರ್ಧ ಮುರಿದು ಪಾತ್ರೆಗೆ ಹಾಕಿ, ಉಳಿದದ್ದನ್ನು ದುಂಡಗೆ ಮಾಡಿ ಅವನ ತಟ್ಟೆಗಿಟ್ಟೆ. ಮೊಟ್ಟೆಯನ್ನು ತೂಗಿ, ಅವನ ಲೆಕ್ಕಕ್ಕೆ ಬರೆದು, ನನ್ನ ಮಕ್ಕಳಿಗೆ ಕೊಟ್ಟೆ. ಮೂರು ದಿನವೂ ಹೀಗೇ ಮಾಡಿದೆ.

ಲೆಕ್ಕ ನೋಡಿದ ಹುಡುಗಿಗೆ ಗಾಬರಿಯಾಯಿತು. "ದುಡಿಮೆಗೆ ಸಾಕಾಗುವಷ್ಟು ಊಟ ಇದೆ. ಆದ್ರೂ ಇವರ ತೂಕ ಇಳೀತಾ ಇದೆ. ಒಳಗೇನಾದ್ರೂ ಕಾಯಿಲೆ ಇರಬಹುದು, ಡಾಕ್ಟರಿಗೆ ತೋರಿಸಿ."

ಆಸ್ಪತ್ರೆಗೆ ಜೊತೆಯಲ್ಲಿ ನಾನೇ ಹೋದೆ. ರಕ್ತ, ಕಫ, ಎಕ್ಸ್‌ರೇ ಎಲ್ಲ ಆಯಿತು. ರಿಪೋರ್ಟಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದಾಗ ತಮ್ಮ, "ಟೀಬಿ ಗೀಬಿ ಇದ್ರೆ ಮಕ್ಳುನ್ನ ನನ್ ಅತ್ರ ಬುಡ್ಬ್ಯಾಡ ಕಣಕ್ಕ" ಎಂದ.

ರಿಪೋರ್ಟಿನಲ್ಲಿ ಏನೂ ಇರಲಿಲ್ಲ. ಡಾಕ್ಟರು ಅವನನ್ನೇ ಕೇಳಿದರು: "ಮನೇಲಿ ಹೊಟ್ಟೆ ತುಂಬ ಊಟ ಹಾಕ್ತಾರೇನಪ್ಪ?"

ಅವನು ನನ್ನ ಕಡೆ ನೋಡಲಿಲ್ಲ. "ಆಕ್ತಳೆ ಸಾ ನಮ್ಮಕ್ಕ. ಸಾಕು ಅಂದ್ರೂ ಬುಡಲ್ಲ. ನಂಗೇ ಸೇರಲ್ಲ."

ಡಾಕ್ಟರು ಹಸಿವಾಗಲು ಟಾನಿಕ್ ಬರೆದುಕೊಟ್ಟರು. ಊಟಕ್ಕೆ ಮುಂಚೆ ಅದನ್ನು ಮುಚ್ಚಳದಲ್ಲಿ ಅಳೆದು ಅವನಿಗೆ ಕುಡಿಸಿದವಳೂ ನಾನೇ.

ಈಗ ದೊಡ್ಡ ಮುದ್ದೆಯನ್ನೇ ಇಡುತ್ತೇನೆ. ನೋಟ್‌ಬುಕ್ಕಿನಲ್ಲಿ ಬರೆದದ್ದು ಸುಳ್ಳೆಂದು ಆ ಹುಡುಗಿಗೆ ಇನ್ನೂ ಹೇಳಿಲ್ಲ. ತಮ್ಮನಿಗೂ ಒಂದು ಮಾತು ಹೇಳಿಲ್ಲ. ಅವನು ಮಾತ್ರ ತಟ್ಟೆಗೆ ಕೈ ಹಾಕುವಾಗ, ನನ್ನ ಗಂಡನಿಗೆ ಕೇಳುವಷ್ಟು ಜೋರಾಗಿ, "ಟಾನಿಕ್ಕು ಚೆನ್ನಾಗ್ ಕೆಲ್ಸ ಮಾಡ್ತಾದೆ ಕಣಕ್ಕ" ಎನ್ನುತ್ತಾನೆ.