ಗಾಳಿಯ ಪಾಲು, ನನ್ನ ಮಗ್ಗಿನ ಕೊಸರು

ಪುಟ್ಟಿ, ಗುಂಡಣ್ಣ,

ಹೋದ ರಜೆಯಲ್ಲಿ ನೀವಿಬ್ಬರೂ ನನ್ನನ್ನು ಹಿಡಿದು ಕೂರಿಸಿ, "ಅಜ್ಜಿ, ನೀನು ಫ್ಯಾಕ್ಟರಿಯಲ್ಲಿ ಏನು ಕೆಲಸ ಮಾಡ್ತಿದ್ದೆ?" ಎಂದು ಕೇಳಿದಿರಿ. "ಅಳತೆ ಕೆಲಸ" ಎಂದಷ್ಟೇ ಹೇಳಿ, ಒಲೆಯ ಮೇಲೆ ಏನೂ ಇಲ್ಲದಿದ್ದರೂ ಹಾಲು ಉಕ್ಕುತ್ತದೆಂದು ಅಡುಗೆಮನೆಗೆ ಓಡಿದೆ. ನನಗೆ ಬಾಯಿಬಿಟ್ಟು ಮಾತಾಡಲು ಬರುವುದಿಲ್ಲ, ನಿಮಗೆ ಗೊತ್ತು. ಉಯ್ಯಂಬಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕೈಬರಹ ಮಾತ್ರ ಇನ್ನೂ ಜೊತೆಗಿದೆ. ಅದರಿಂದಲೇ ಹೇಳುತ್ತೇನೆ.

ನಿಮ್ಮ ತಾತ ಬಿಡದಿ ಕಡೆಯ ಒಂದು ಕೆಮಿಕಲ್ ಫ್ಯಾಕ್ಟರಿಯಲ್ಲಿದ್ದರು. ಅವರು ತೀರಿಕೊಂಡ ಮೇಲೆ ಮ್ಯಾನೇಜರು ನನ್ನನ್ನು ಕರೆಸಿ, ಸ್ಟೋರಿನಲ್ಲಿ ಅಳೆದು ಕೊಡುವ ಕೆಲಸ ಕೊಟ್ಟರು. ಒಂದು ವರ್ಷ ನೋಡುತ್ತೇವೆ, ಸರಿಯಿದ್ದರೆ ಖಾಯಂ, ಇಲ್ಲದಿದ್ದರೆ ಇಲ್ಲ ಎಂದರು. ನಿಮ್ಮ ಅಮ್ಮ ಆಗ ಐದನೆಯ ತರಗತಿ, ಮಾವ ಮೂರನೆಯದು. ಆ ವರ್ಷವೆಲ್ಲ ನಾನು ಚನ್ನಪಟ್ಟಣದಿಂದ ಬೆಳಗಿನ ರೈಲು ಹತ್ತುವಾಗ, ಇಳಿಯುವಾಗ, ಬುತ್ತಿ ಬಿಚ್ಚುವಾಗ 'ಖಾಯಂ' ಎಂಬ ಒಂದೇ ಮಾತನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ.

ಕೆಲಸ ಸುಲಭದ್ದು. ಅಲ್ಲಿ ಸಾಲ್ವೆಂಟ್ ಎಂಬ ಒಂದು ದ್ರವವಿತ್ತು. ನೋಡಲು ನೀರು, ಆದರೆ ಮುಚ್ಚಳ ತೆರೆದಿಟ್ಟು ಅತ್ತಿತ್ತ ನೋಡಿದರೆ ಅಷ್ಟರಲ್ಲಿ ಒಸಿ ಮಾಯವಾಗಿರುತ್ತಿತ್ತು. ಒಂದು ಬ್ಯಾಚಿಗೆ ಸ್ಟೋರಿನ ಟ್ಯಾಂಕಿನಿಂದ ಇಪ್ಪತ್ತು ಲೀಟರಿನ ಹತ್ತು ಕ್ಯಾನು ಅಳೆದು ಕೊಡಬೇಕು. ಕೊಟ್ಟದ್ದನ್ನು ಪುಸ್ತಕದಲ್ಲಿ ಬರೆಯಬೇಕು. ಕೆಲಸ ಮುಗಿದ ಮೇಲೆ ಆ ಸಾಲ್ವೆಂಟನ್ನು ಕಾಯಿಸಿ, ಆವಿಯನ್ನು ತಣ್ಣಗೆ ಮಾಡಿ, ಮತ್ತೆ ಹಿಡಿದು ವಾಪಸು ತರುವವರು ಒಬ್ಬರಿದ್ದರು. ಮಾಗಡಿಯವರು, ವಯಸ್ಸಾದವರು. ಎಲ್ಲರೂ ಅವರನ್ನು ಮಾಗಡಿಯಣ್ಣ ಎಂದೇ ಕರೆಯುತ್ತಿದ್ದರು.

"ತಂಗ್ಯವ್ವ, ನಿನ್ ಕೈಯಳ್ತೇಲಿ ಬರಕತ್ತೈತೆ ಕಣವ್ವ," ಎನ್ನುತ್ತಿದ್ದರು. "ನಿಮ್ ಸ್ಟೋರ್ ಕೀಪರು ಅಳ್ದ್ರೆ ಕ್ಯಾನು ಸಾಲ್ದೂಂತ ಮೂಗ್ ಮುರೀತೈತೆ."

ನಾನು ತಲೆ ಬಗ್ಗಿಸಿ ಮುಂದಿನ ಕ್ಯಾನು ತುಂಬುತ್ತಿದ್ದೆ. ಆದರೆ ಆ ಒಂದು ಮಾತಿನಿಂದ ಇಡೀ ದಿನ ಹೊಟ್ಟೆ ತುಂಬಿರುತ್ತಿತ್ತು.

ಒಂದು ದಿನ ಹೊಸದಾಗಿ ಬಂದ ಇಂಜಿನಿಯರಮ್ಮನಿಗೆ ಒಂದು ಫಾರಂ ಭರ್ತಿ ಮಾಡುವ ಕೆಲಸ ಬಿತ್ತು. ಕನಕಪುರದ ಹುಡುಗಿ. ಆಗಷ್ಟೇ ಓದು ಮುಗಿಸಿದವಳು, ಆದರೂ ನನ್ನನ್ನು ಅಕ್ಕ ಎಂದು ಕರೆಯುವಷ್ಟು ಒಳ್ಳೆಯವಳು. ಫ್ಯಾಕ್ಟರಿಯಿಂದ ಗಾಳಿಗೆ ಎಷ್ಟು ಸಾಲ್ವೆಂಟ್ ಹೋಗುತ್ತದೆ ಎಂದು ಸರ್ಕಾರಕ್ಕೆ ಬರೆದು ಕೊಡಬೇಕಿತ್ತು.

ನಾನು ಅಪರೂಪಕ್ಕೆ ಬಾಯಿಬಿಟ್ಟೆ. "ಗಾಳೀನ ಎಂಗೆ ಅಳೀತೀರಿ ಮೇಡಂ? ಕ್ಯಾನು ಹಿಡೀತೀರಾ?"

"ಗಾಳೀನ ಅಳೆಯಲ್ಲ ಅಕ್ಕ," ಎಂದಳು. "ನೀವು ಕೊಟ್ಟಿದ್ದೆಷ್ಟು, ಮಾಗಡಿಯಣ್ಣ ವಾಪಸ್ ಕೊಟ್ಟಿದ್ದೆಷ್ಟು, ಕಾಯಿಸಿದ ಪಾತ್ರೆ ತಳದ ಕೆಸರಲ್ಲಿ ಸಿಕ್ಕಿಕೊಂಡಿದ್ದೆಷ್ಟು, ಇಷ್ಟು ಗೊತ್ತಾದ್ರೆ ಸಾಕು. ಲೆಕ್ಕಕ್ಕೆ ಸಿಗದೆ ಹೋಗಿದ್ದೆಲ್ಲ ಗಾಳೀದು."

ನನಗೆ ಥಟ್ಟನೆ ಅರ್ಥವಾಯಿತು. ರೇಷ್ಮೆಗೂಡಿನ ಚೀಲ ಮನೆಯಲ್ಲಿ ಒಂದು ತೂಕವಿದ್ದರೆ ರಾಮನಗರದ ಮಾರುಕಟ್ಟೆಯಲ್ಲಿ ಇನ್ನೊಂದು. ನಡುವೆ ಕಳ್ಳರು ಯಾರೂ ಇಲ್ಲ, ಗೂಡಿನ ತೇವ ಆರಿರುತ್ತದೆ ಅಷ್ಟೆ. ನಮ್ಮಪ್ಪ ಅದನ್ನು ಗಾಳಿಯ ಪಾಲು ಎನ್ನುತ್ತಿದ್ದರು. ಇಷ್ಟು ಸಣ್ಣ ವಿಷಯ ತಿಳಿಯಲು ಇಂಜಿನಿಯರಿಂಗ್ ಓದಬೇಕೇ ಎಂದು ಒಳಗೊಳಗೇ ಜಂಬಪಟ್ಟೆ. ಆ ಜಂಬ ಒಂದು ವಾರ ಬಾಳಿತು.

ವಾರದ ಮೇಲೆ ಇಂಜಿನಿಯರಮ್ಮ ಅಳುಮುಖ ಮಾಡಿಕೊಂಡು ಮ್ಯಾನೇಜರ ಮುಂದೆ ನಿಂತಿದ್ದಳು. ಸ್ಟೋರಿನಿಂದ ಹೋದದ್ದು ಇನ್ನೂರು ಲೀಟರು. ವಾಪಸು ಬಂದದ್ದು ನೂರ ತೊಂಬತ್ತೆಂಟು. ಕೆಸರಿನಲ್ಲಿದ್ದದ್ದು ನಾಲ್ಕು. ಒಟ್ಟು ಇನ್ನೂರ ಎರಡು! ಯಾವ ಬ್ಯಾಚು ನೋಡಿದರೂ ಹೀಗೆಯೇ. ಗಾಳಿಗೆ ಹೋಗುವುದಿರಲಿ, ಗಾಳಿಯೇ ನಮಗೆ ಎರಡು ಲೀಟರು ಕೊಡುತ್ತಿತ್ತು.

ಮ್ಯಾನೇಜರಿಗೆ ಮೊದಲು ನೆನಪಾದದ್ದು ಮಾಗಡಿಯಣ್ಣ. "ನೀರು ಬೆರೆಸಿದ್ದೀಯೇನಯ್ಯ?"

"ನಾನೇನ್ ಹಾಲ್ ಮಾರೋನಾ ಸಾರ್, ನೀರ್ ಬೆರ್ಸಕ್ಕೆ?"

ಪರೀಕ್ಷೆ ಮಾಡಿದರು. ನೀರಿರಲಿಲ್ಲ. ಹಾಗಾದರೆ ಕೆಲಸ ಚೆನ್ನಾಗಿ ಕಾಣಲೆಂದು ಪುಸ್ತಕದಲ್ಲಿ ಹೆಚ್ಚು ಬರೆದಿದ್ದೀಯ ಎಂದರು. ನಾಳೆ ಮಾಲಿನ್ಯ ಆಫೀಸಿನ ಸಾಹೇಬರು ಬರುತ್ತಾರೆ, ಅವರೆದುರಿಗೆ ಇದು ಬಗೆಹರಿಯದಿದ್ದರೆ ನಾಳಿದ್ದಿನಿಂದ ನೀನು ಮನೆಯಲ್ಲಿರು ಎಂದೂ ಹೇಳಿಬಿಟ್ಟರು. ನನ್ನ ಕಡೆ ತಿರುಗಿ, "ನಿನ್ನ ವರ್ಷಾನೂ ಈ ವಾರವೇ ಮುಗಿಯೋದಲ್ವೇನಮ್ಮ? ನಿನ್ನ ಪುಸ್ತಕ ನೀಟಾಗಿದೆ. ಆರ್ಡರ್ ಟೈಪ್ ಮಾಡಿಸ್ತೀನಿ," ಎಂದರು. ನನಗೆ ಖುಷಿಗೆ ಕಾಲೇ ನೆಲಕ್ಕೆ ತಾಗಲಿಲ್ಲ.

ಸಂಜೆ ಚನ್ನಪಟ್ಟಣದಲ್ಲಿ ಇಳಿದವಳು ಮಕ್ಕಳಿಗೆಂದು ಬೇಯಿಸಿದ ಕಡಲೆಕಾಯಿ ಕೊಂಡೆ. ಮಾರುವ ಹೆಂಗಸು ಪಾವಿನಿಂದ ಅಳೆದು ಪೊಟ್ಟಣಕ್ಕೆ ಸುರಿದಳು. ಆಮೇಲೆ ಪದ್ಧತಿಯಂತೆ ಅಳತೆಯ ಮೇಲೆ ಒಂದು ಹಿಡಿ ಕೊಸರು ಹಾಕಿದಳು.

ನಾನು ಆ ಹಿಡಿಯನ್ನು ನೋಡುತ್ತಲೇ ನಿಂತೆ.

ನಮ್ಮಪ್ಪ ರಾಗಿ ಅಳೆಯುವಾಗ ಕೊನೆಗೆ ಒಂದು ಬೊಗಸೆ ಮೇಲೆ ಹಾಕದೆ ಯಾರನ್ನೂ ಕಳಿಸಿದವರಲ್ಲ. ಬರಿ ಅಳತೆ ಕೊಟ್ಟು ಕೈ ಕೊಡವಿದರೆ ಕಣಜಕ್ಕೆ ಒಳ್ಳೆಯದಲ್ಲ ಎನ್ನುತ್ತಿದ್ದರು. ಆ ಕೈಯೇ ನನ್ನದು. ಕ್ಯಾನು ಗೆರೆಯವರೆಗೆ ತುಂಬಿದ ಮೇಲೆ ಅರ್ಧ ಲೀಟರಿನ ಮಗ್ಗಿನಲ್ಲಿ ಒಂದು ಮಗ್ಗು ಕೊಸರು ಹಾಕುತ್ತಿದ್ದೆ. ಪ್ರತಿ ಕ್ಯಾನಿಗೂ. ಹೆಚ್ಚುಕಡಿಮೆ ಒಂದು ವರ್ಷದಿಂದ. ಅದನ್ನು ಪುಸ್ತಕದಲ್ಲಿ ಬರೆಯಬೇಕೆಂದು ಹೊಳೆದಿರಲೂ ಇಲ್ಲ. ಕೊಸರನ್ನು ಯಾರಾದರೂ ಬರೆದಿಡುತ್ತಾರೆಯೇ? ಬರೆದರೆ ಅದು ಕೊಸರು ಹೇಗಾದೀತು?

"ಏನವ್ವಾ, ಸಾಲ್ದಾ?" ಎಂದು ಆ ಹೆಂಗಸು ಇನ್ನೊಂದು ಹಿಡಿ ಹಾಕಿದಳು. ನನಗೆ ಅಳು ಬಂತು.

ಸುಮ್ಮನಿದ್ದರೆ ನಾನು ಖಾಯಂ, ಮಾಗಡಿಯಣ್ಣ ಮನೆಗೆ. ಹೇಳಿದರೆ ಕಂಪನಿಯ ಮಾಲನ್ನು ವರ್ಷವೆಲ್ಲ ಮನಸ್ಸಿಗೆ ಬಂದ ಹಾಗೆ ಸುರಿದವಳು ನಾನು. ಅಂಥವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಕಡಲೆಕಾಯಿಯನ್ನೆಲ್ಲ ನಿಮ್ಮ ಅಮ್ಮ ಮತ್ತು ಮಾವ ತಿಂದರು. ನಾನು ಸಿಪ್ಪೆ ಗುಡಿಸಿ ಹಾಕಿದೆ.

ಮರುದಿನ ಸಾಹೇಬರು ಬಂದರು. ದಪ್ಪ ಕನ್ನಡಕದವರು. ಲೆಕ್ಕದ ಹಾಳೆ ನೋಡಿ, "ಭೇಷ್!" ಎಂದರು. "ಊರಿನ ಫ್ಯಾಕ್ಟರಿಗಳೆಲ್ಲ ಗಾಳಿಗೆ ಬಿಡುತ್ತವೆ, ನಿಮ್ಮದೊಂದೇ ಎಳೆದುಕೊಳ್ಳುತ್ತೆ. ಇಂಥವು ಇನ್ನೆರಡು ಹಾಕಿಸ್ರಿ, ಬೆಂಗಳೂರಿನ ಗಾಳಿನೂ ತೊಳೆದು ಕೊಡಿ." ಮ್ಯಾನೇಜರು ಬೆವರು ಒರೆಸಿಕೊಂಡು ಮಾಗಡಿಯಣ್ಣನ ಕಡೆ ಕೈ ತೋರಿಸಿದರು. ಅವರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು.

ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. ಮತ್ತೆ ತೆರೆದೆ. ಆಗಲೂ ಇಲ್ಲ. ಕೊನೆಗೆ ಇಂಜಿನಿಯರಮ್ಮನ ಸೀರೆ ಸೆರಗು ಹಿಡಿದು ಸ್ಟೋರಿಗೆ ಎಳೆದೊಯ್ದೆ. ಏನೋ ಆಯಿತೆಂದು ಎಲ್ಲರೂ ಹಿಂದೆಯೇ ಬಂದರು. ನಾನು ಒಂದು ಕ್ಯಾನನ್ನು ಗೆರೆಯವರೆಗೆ ತುಂಬಿದೆ. ಮಗ್ಗು ಅದ್ದಿದೆ. ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು ಮೇಲೆ ಸುರಿದೆ.

"ಇದೇನಮ್ಮ?" ಎಂದರು ಸಾಹೇಬರು.

"ಕೊಸರು, ಸಾರ್."

"ಯಾರಿಗೆ?"

"ಅಳ್ದ್ ಕೊಟ್ಮೇಲೆ ಕೊಸರ್ ಹಾಕ್ದೆ ಎಂಗ್ ಕಳ್ಸದು ಸಾರ್?"

ಇಂಜಿನಿಯರಮ್ಮ ಪೆನ್ಸಿಲ್ ತೆಗೆದು ಗೋಡೆಯ ಮೇಲೆಯೇ ಗೀಚಿದಳು. ಹತ್ತು ಕ್ಯಾನಿಗೆ ಹತ್ತು ಮಗ್ಗು, ಅಂದರೆ ಐದು ಲೀಟರು. ಇನ್ನೂರ ಐದರಲ್ಲಿ ಇನ್ನೂರ ಎರಡು ಹೋದರೆ ಮೂರು. "ಮೂರು ಲೀಟರ್ ಸಾರ್! ಗಾಳಿಗೆ ಹೋಗ್ತಿದೆ!" ಎಂದು ಕುಣಿದಾಡಿದಳು. ಗಾಳಿ ಕೆಟ್ಟದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಮತ್ತೆ ಕಂಡಿಲ್ಲ.

ಸ್ಟೋರ್ ಕೀಪರು ಮೆಲ್ಲಗೆ ತಮ್ಮ ಪುಸ್ತಕ ಮುಚ್ಚಿಟ್ಟರು. ಟ್ಯಾಂಕಿನಲ್ಲಿ ಪ್ರತಿ ತಿಂಗಳೂ ಕಡಿಮೆಯಾಗುತ್ತಿದ್ದದ್ದಕ್ಕೆ ಅವರು 'ಬಿಸಿಲಿಗೆ ಆರಿದ್ದು' ಎಂದು ಬರೆಯುತ್ತಿದ್ದರು. ಜಡಿಮಳೆಯ ತಿಂಗಳಲ್ಲೂ ಹಾಗೆಯೇ ಬರೆದಿದ್ದರು.

ಮಾಗಡಿಯಣ್ಣ ಟೋಪಿಯನ್ನು ತಲೆಗೇರಿಸಿದರು. "ನಾನ್ ಬರಕತ್ತು ಅಂತಿದ್ದೆ, ಇದಾ ವಿಷ್ಯ? ನಿನ್ ಬರಕತ್ತು ನನ್ ಕೆಲ್ಸ ತಿಂದ್ಬುಡ್ತಿತ್ತಲ್ಲವ್ವ ತಾಯಿ!" ಎಂದರು. ಆದರೆ ನಗುತ್ತಿದ್ದರು.

ಸಾಹೇಬರು ನಗಲಿಲ್ಲ. ಈ ಮೂರು ಲೀಟರು ಹೋಗುತ್ತಿರುವುದಾದರೂ ಎಲ್ಲಿಂದ ಎಂದು ನೋಡಿ, ಅರ್ಧ ಇಲ್ಲಿಂದಲೇ, ಬಾಯಿ ತೆರೆದ ಕ್ಯಾನು, ಬಾಯಿ ತೆರೆದ ಮಗ್ಗು ಎಂದರು. "ಟ್ಯಾಂಕಿನಿಂದ ನೇರ ಪೈಪು ಹಾಕಿಸಿ, ಮೀಟರ್ ಕೂರಿಸಿ. ಕೈಯಿಂದ ಅಳೆಯೋದು ಬಂದ್."

ಅಲ್ಲಿಗೆ ನನ್ನ ಕೆಲಸವೂ ಬಂದ್. ಪೈಪು ಕೊಸರು ಹಾಕುವುದಿಲ್ಲ, ಅದಕ್ಕೆ ರೈಲಿನ ಪಾಸೂ ಬೇಡ. ಬುತ್ತಿ ಚೀಲವನ್ನು ಕೈಗೆತ್ತಿಕೊಂಡೆ.

"ಎಲ್ಲಿಗಮ್ಮ?" ಎಂದರು ಸಾಹೇಬರು. ಆಮೇಲೆ ಮ್ಯಾನೇಜರ ಕಡೆ ತಿರುಗಿ, "ಮೀಟರ್ ನೋಡಿ ಬರೆಯೋಕೆ ಒಬ್ಬರು ಬೇಕಲ್ರೀ. ನಿಮ್ಮಲ್ಲಿ ಸುರಿದಿದ್ದನ್ನ ಸುರಿದೆ ಅಂತ ಹೇಳಿದವರು ಇವರೊಬ್ಬರೇ," ಎಂದರು.

ಆರ್ಡರ್ ಟೈಪಾಗಿತ್ತಲ್ಲ, ಹರಿಯಲು ಮ್ಯಾನೇಜರಿಗೆ ಮನಸ್ಸು ಬರಲಿಲ್ಲವೋ ಏನೋ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ ಕೊಟ್ಟರು: 'ಸದರಿಯವರು ನಿಗದಿತ ಅಳತೆಗಿಂತ ಹೆಚ್ಚಾಗಿ ಯಾವುದೇ ರೀತಿಯ ಕೊಸರು ನೀಡತಕ್ಕದ್ದಲ್ಲ.' ಖಾಯಂ ಆದೇಶದಲ್ಲಿ ಇಂಥ ಸಾಲಿರುವವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಮುಂದೆ ನಿವೃತ್ತಿಯಾಗುವವರೆಗೂ ಗಾಳಿಯ ಪಾಲನ್ನು ಬರೆದವಳು ನಾನೇ. ಮೂರು ಇದ್ದದ್ದು ಪೈಪು ಬಂದ ಮೇಲೆ ಒಂದೂವರೆಗೆ ಇಳಿಯಿತು. ಮನೆಯಲ್ಲಿ ಮಾತ್ರ ಆ ಆದೇಶ ನಡೆಯುವುದಿಲ್ಲ. ನಿಮ್ಮ ತಟ್ಟೆಗೆ ಸಾಕು ಸಾಕು ಎಂದ ಮೇಲೂ ಒಂದು ಸೌಟು ಏಕೆ ಬೀಳುತ್ತದೆಂದು ಈಗ ತಿಳಿಯಿತಲ್ಲ.

ಈ ಹಾಳೆಗಳನ್ನು ಆ ಆದೇಶದ ಜೊತೆ ಮಡಿಸಿ ನನ್ನ ಟ್ರಂಕಿನಲ್ಲಿ, ಮದುವೆ ಸೀರೆಯ ಕೆಳಗೆ ಇಡುತ್ತೇನೆ. ಜೋಪಾನವಾಗಿ ನೋಡಿಕೊಳ್ಳಿ, ಕಂದಮ್ಮಗಳೇ. ಹುಳು ಬರದಿರಲೆಂದು ನುಸಿಗುಳಿಗೆ ಹಾಕಿ ನಿಶ್ಚಿಂತೆಯಾಗಿ ಮರೆಯಬೇಡಿ. ಅದೂ ದಿನದಿನಕ್ಕೆ ಕರಗಿ ಗಾಳಿಗೆ ಹೋಗುತ್ತದೆ. ಆಗಾಗ ಟ್ರಂಕು ತೆಗೆದು ನೋಡಿ ಹೊಸದು ಹಾಕಿ. ಎಣಿಸಿದ್ದಕ್ಕಿಂತ ಒಂದು ಹೆಚ್ಚಿಗೆ ಹಾಕಿದರೂ ನಾನು ಬೇಡ ಎನ್ನುವುದಿಲ್ಲ.